ಕೆಂಪು ತೋರಿಸಿದ ಬಾವಿ

ಲಮ್ಯಾಯ್ ತೊಟ್ಟಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಸೀಗಡಿಯೊಂದನ್ನು ನೀರೊಳಗೆ ಚಾಚಿ ಹಿಡಿದಳು. ಚಪ್ಪಟೆ ಮೈಯ ತೊರಕೆ ಮೀನು ಅಲುಗಾಡಲಿಲ್ಲ. ಊಟದ ತಟ್ಟೆಗಿಂತ ಅಗಲ, ಕರಿಮೈ ತುಂಬ ಬಿಳಿ ಚುಕ್ಕಿ, ಮೇಲಾಗಿ ಬಸುರಿ. ಬೇರೆ ದಿನವಾಗಿದ್ದರೆ ಅವಳ ಅಂಗೈಯನ್ನೇ ಏರಿ ಬಂದು ಕಸಿದುಕೊಳ್ಳುತ್ತಿತ್ತು. ಈಗ ಮೈಯಂಚನ್ನು ಮೇಲಕ್ಕೆ ಮುದುರಿಕೊಂಡು ಒಣಗಿದೆಲೆಯ ಹಾಗೆ ತಳದಲ್ಲಿ ಬಿದ್ದಿತ್ತು.

ನಕೋನ್ ಪಥೋಮ್ ಸೀಮೆಯ ಆ ಹಳ್ಳಿಯಲ್ಲಿ ಲಮ್ಯಾಯ್‌ಳ ಗಂಡ ಚುವಾಂಗ್ ಆರ್ಕಿಡ್ ಹೂ ಬೆಳೆಯುತ್ತಿದ್ದ. ಅವಳು ಹಿತ್ತಲಿನ ತೊಟ್ಟಿಗಳಲ್ಲಿ ಸಿಹಿನೀರಿನ ತೊರಕೆ ಸಾಕಿ ಮರಿ ಮಾರುತ್ತಿದ್ದಳು. ಈಗ ತೊಟ್ಟಿಯ ನೀರನ್ನು ಗಾಜಿನ ನಳಿಗೆಗೆ ತುಂಬಿ, ನೀರು ಪರೀಕ್ಷಿಸುವ ಔಷಧದ ಹನಿ ಬಿಟ್ಟಳು. ಹಳದಿಯಾದರೆ ಕ್ಷೇಮ, ಕೆಂಪಾದರೆ ನೈಟ್ರೇಟ್ ಏರಿದೆ ಎಂದರ್ಥ. ಮೀನಿನ ಹೊಲಸು, ತಿಂದು ಬಿಟ್ಟ ಸೀಗಡಿ ಕೊಳೆತು ಕೊನೆಗೆ ಉಳಿಯುವುದೇ ಅದು. ನಳಿಗೆ ಕೆಂಪಾಯಿತು. ಅರ್ಧ ನೀರು ಚೆಲ್ಲಿ ಬಾವಿಯಿಂದ ಹೊಸ ನೀರು ಬಿಟ್ಟಳು. ಮತ್ತೆ ಕೆಂಪು. ಮೇವು ಕಡಿಮೆ ಮಾಡಿದಳು, ಇನ್ನಷ್ಟು ನೀರು ಬದಲಿಸಿದಳು. ಬಣ್ಣ ಜಗ್ಗಲಿಲ್ಲ.

ತೊಳೆಯುವ ನೀರೇ ಕೊಳೆಯಾಗಿದ್ದರೆ? ಆ ಯೋಚನೆ ಹೊಳೆದದ್ದೇ ತಡ, ಅವಳು ನಳಿಗೆ ಹಿಡಿದು ಕಾಲುವೆಗೂ ನೆರೆಮನೆಗೂ ಓಡಾಡತೊಡಗಿದಳು.

"ಏನೇ ಇದು, ನನ್ನ ಮಳೆನೀರಿನ ಗುಡಾಣಕ್ಕೂ ಕೈ ಹಾಕ್ದೆ?" ಎಂದಳು ನೆರೆಮನೆಯ ತೊಂಗ್‌ಯೊಯಿ. "ಇನ್ನು ನನ್ನ ಮೀನ್ ಸಾರಿಗೂ ಹನಿ ಬಿಡ್ತೀಯೋ ಏನೋ!"

"ಬಿಡೋಣಂತೆ ಅಕ್ಕ. ನಿನ್ನ ಸಾರು ಯಾವ ಬಣ್ಣಕ್ಕೆ ತಿರುಗುತ್ತೋ ನೋಡೋ ಆಸೆ ನಂಗೂ ಇದೆ."

ಗುಡಾಣದ ನೀರು ಅಚ್ಚ ಹಳದಿ. ಕಾಲುವೆಯದು ಕಿತ್ತಳೆ. ಅವಳದೇ ಬಾವಿಯದು ದಾಸವಾಳದಂಥ ಕೆಂಪು. ಲಮ್ಯಾಯ್ ಬಾವಿಕಟ್ಟೆಯಿಂದ ತಲೆಯೆತ್ತಿದಳು. ಎದುರಿಗೇ ಆರ್ಕಿಡ್ ಚಪ್ಪರ. ಚುವಾಂಗ್ ಗೊಬ್ಬರದ ನೀರು ಎರಚುತ್ತಿದ್ದ; ಗೊಬ್ಬರದಲ್ಲಿ ಇರುವುದೂ ಅದೇ ನೈಟ್ರೇಟ್.

"ರೀ, ನಿಮ್ಮ ಗೊಬ್ಬರ ನನ್ನ ಬಾವಿಗೆ ಇಳೀತಿದೆ."

"ಹೂವಿಗೆ ಹಾಕಿದ್ದು ಹೂವಿಗೇ ಹೋಗುತ್ತೆ ಕಣೇ. ನಿನ್ನ ಮೀನಿಗೆ ಅಜೀರ್ಣ ಆದ್ರೂ ನಾನೇ ಕಾರಣನಾ?"

ಅವಳು ಚಪ್ಪರದೊಳಗೆ ನುಗ್ಗಿದಳು. ಗಿಡಗಳ ಕೆಳಗೆ ತೊಟ್ಟಿಕ್ಕುತ್ತಿದ್ದ ನೀರನ್ನು ಹಿಡಿದು, ಔಷಧದ ಶೀಶೆಯನ್ನು ಅವನ ಕೈಗೇ ಕೊಟ್ಟಳು. ತಾನೇ ಬಿಟ್ಟ ಹನಿಗೆ ನೀರು ಕಡುಗೆಂಪಾದದ್ದು ಕಂಡು ಅವನ ಮುಖ ಸಪ್ಪಗಾಯಿತು.

"ಅಯ್ಯಯ್ಯೋ, ಅರ್ಧಕ್ಕರ್ಧ ಗೊಬ್ಬರ ನೆಲದ ಪಾಲಾಗ್ತಿದೆಯಲ್ಲೇ!"

ಮೀನಿನ ಮಾತೇ ಅವನ ಬಾಯಲ್ಲಿ ಬರಲಿಲ್ಲ. ಆದರೂ ಮರುದಿನದಿಂದಲೇ ಗೊಬ್ಬರ ಕಡಿಮೆ ಮಾಡಿದ, ತೊಟ್ಟಿಯಿಂದ ಚೆಲ್ಲುವ ನೀರನ್ನು ಗೊಬ್ಬರದ ಬದಲಿಗೆ ಒಂದು ಸಾಲು ಗಿಡಗಳಿಗೆ ಹಾಯಿಸಿದ. ಲಮ್ಯಾಯ್ ತೊಂಗ್‌ಯೊಯಿಯ ಗುಡಾಣಗಳಿಂದ ಮಳೆನೀರು ಹೊತ್ತು ತಂದಳು. ದಿಢೀರನೆ ನೀರು ಬದಲಾದರೆ ತೊರಕೆ ತಡೆಯದು; ದಿನವೂ ಸ್ವಲ್ಪ ಸ್ವಲ್ಪವೇ ಬೆರೆಸಿದಳು. ತೊಟ್ಟಿಯ ಮೇಲೆ ತೂತಿನ ತಟ್ಟೆಯಿಟ್ಟು, ಬೇರು ನೀರಿಗೆ ಇಳಿಯುವಂತೆ ಸೊಪ್ಪು ಬೆಳೆಸಿದಳು. ನೈಟ್ರೇಟನ್ನು ಅದು ಉಂಡು ಕೊಬ್ಬಿತು.

ಒಂದು ಮುಂಜಾನೆ ತೊರಕೆಯ ಅಂಚು ಬಿಚ್ಚಿಕೊಂಡಿತ್ತು. ಸೀಗಡಿ ಹಿಡಿದರೆ ಬೆರಳನ್ನೂ ಸೇರಿಸಿ ಎಳೆಯಿತು. ತಿಂಗಳು ತುಂಬಿ ಮೂರು ಮರಿ ಹಾಕಿತು. ಒಂದು ಉಳಿಯಲಿಲ್ಲ, ಎರಡು ಮರಳಲ್ಲಿ ಹುದುಗಿ ಕಣ್ಣಷ್ಟೇ ಹೊರಗೆ ಹಾಕಿದವು.

ಬಾವಿ ಮಾತ್ರ ಅಷ್ಟು ಬೇಗ ತಿಳಿಯಾಗಲಿಲ್ಲ. ಇನ್ನೊಂದು ಮಳೆಗಾಲ ಕಳೆದರೂ ಕಿತ್ತಳೆ ಬಣ್ಣ ಬಿಟ್ಟಿರಲಿಲ್ಲ. ಅದನ್ನು ಪರೀಕ್ಷಿಸುವ ಕೆಲಸವನ್ನು ಈಗ ಚುವಾಂಗ್ ಯಾರಿಗೂ ಬಿಡುತ್ತಿರಲಿಲ್ಲ.

"ಕೊಡಿಲ್ಲಿ," ಎಂದು ಲಮ್ಯಾಯ್ ಕೈಯಿಂದ ಶೀಶೆ ಕಸಿದುಕೊಳ್ಳುತ್ತಿದ್ದ, "ನೀನು ಹನಿ ಜಾಸ್ತಿ ಬಿಡ್ತೀಯ."