ಕೌದಿಯಲ್ಲಿ ಎದ್ದ ಹಿಮಾಲಯ

ಹಾಸಿಗೆ ಸುಕ್ಕಾದರೆ ಅಂಗೈಯಿಂದ ಸವರಿ ಸರಿಮಾಡುವುದು ಎಲ್ಲರ ಮನೆಯ ರೂಢಿ. ನನಗೆ ಮಾತ್ರ ಕೈ ಹಾಕುವ ಮೊದಲು ಒಂದು ಗಳಿಗೆ ನಿಂತು, ಆ ಸುಕ್ಕನ್ನು ನೋಡಿ ನಗುವ ಚಾಳಿ. ಕಾರಣ ಹೇಳುತ್ತೇನೆ, ಕೇಳಿ.

ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ ನಾನು ನಾರಾಯಣಪೇಟೆಯ ಸಣ್ಣದೊಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಉಸ್ತಾನಿಯಾಗಿದ್ದೆ. ಪಾಠ ಹೇಳುವ ಹೆಂಗಸಿಗೆ ಆಗ ನಮ್ಮಲ್ಲಿ ಹಾಗೆನ್ನುತ್ತಿದ್ದರು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೈದರಾಬಾದಿನಿಂದ ತನಿಖೆಗೆ ಬರುವ ಬೇಗಂ ಸಾಹೇಬರು ಒಪ್ಪಿ ಬರೆದರೆ ಉಂಟು, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಗದ್ವಾಲಿನ ತವರಿಗೆ. ಪಾಠದ ಪುಸ್ತಕದಲ್ಲಿ ಪರ್ವತಗಳ ಕತೆ ಬಲು ಸರಳ: ಬಿಸಿಯಾಗಿದ್ದ ಭೂಮಿ ತಣ್ಣಗಾಗುತ್ತ ಬಾಡಿದ ಬದನೆಕಾಯಿಯಂತೆ ಸುಕ್ಕುಗಟ್ಟಿತು, ಆ ಸುಕ್ಕುಗಳೇ ಬೆಟ್ಟಗಳು. ಆದರೆ ಕಾಲೇಜು ಓದುತ್ತಿದ್ದ ನನ್ನಣ್ಣ ತಂದುಕೊಟ್ಟ ಇನ್ನೊಂದು ಪುಸ್ತಕದಲ್ಲಿ ಕೆಲವು ಪಂಡಿತರ ಸಾಹಸದ ಊಹೆಯೊಂದನ್ನು ಓದಿ, ಎರಡು ದಿನ ನನಗೆ ಊಟ ಸೇರಿರಲಿಲ್ಲ, ಸಂತೋಷಕ್ಕೆ. ನಾವು ನಿಂತಿರುವ ಈ ನೆಲ ಒಂದು ಕಾಲಕ್ಕೆ ದಕ್ಷಿಣದ ಕಡಲಾಚೆ ಇತ್ತಂತೆ. ಕೋಟ್ಯಂತರ ವರ್ಷ ಮೆಲ್ಲಮೆಲ್ಲಗೆ ಉತ್ತರಕ್ಕೆ ಸರಿದು, ಏಷ್ಯಾದ ಮೈಗೆ ಒತ್ತಿ, ಹಿಮಾಲಯವನ್ನು ಎಬ್ಬಿಸಿತಂತೆ! ಊಹೆ ಎಂದೇ ತಿಳಿಸಿ ಹುಡುಗಿಯರಿಗೂ ಹೇಳಿದೆ. ಹೇಳದೆ ಇರುವುದು ಹೇಗೆ? ಸಂತೋಷ ಸೆರಗಿನಲ್ಲಿ ಗಂಟು ಹಾಕಿಡುವ ವಸ್ತುವಲ್ಲ.

ತನಿಖೆಯ ದಿನ ಬೇಗಂ ಸಾಹೇಬರು ಬಂದರು. ರಾಯಚೂರಿನಲ್ಲಿ ಬೆಳೆದವರು, ಕನ್ನಡ ಬಲ್ಲವರು. ಅವರು ನಕ್ಕದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ.

"ಹಿಮಾಲಯ ಹ್ಯಾಂಗ ಆತು, ಯಾರು ಹೇಳ್ತೀರಿ?" ಎಂದು ತರಗತಿಯನ್ನು ಕೇಳಿದರು.

ನೇಕಾರರ ಮನೆಯ ನೀಲಮ್ಮ ಥಟ್ಟನೆ ಎದ್ದಳು. "ನೆಲ ನೆಲಕ್ಕ ಡಿಕ್ಕಿ ಹೊಡೀತ್ರೀ!"



"ಕ್ಯಾ ಬೋಲೀ ಬೇಟೀ? ನೆಲಕ್ಕ ಕಾಲು ಬಂದಿದ್ದುವೇನು?" ಬೇಗಂ ಸಾಹೇಬರು ಹುಬ್ಬು ಗಂಟಿಕ್ಕಿ ನನ್ನತ್ತ ತಿರುಗಿದರು. "ಪುಸ್ತಕದಾಗ ಇಲ್ಲದ್ದು ಯಾಕ ಕಲಿಸೀರಿ?"

ಉತ್ತರಿಸಲು ಬಾಯಿ ತೆರೆದೆ. ಅಷ್ಟರಲ್ಲಿ ನೀಲಮ್ಮ, "ತೋರಿಸ್ತೀನಿ ತಡೀರಿ" ಎಂದವಳೇ ಹೊರಗೆ ಓಡಿ, ಎದುರಿಗಿದ್ದ ತನ್ನ ಮನೆಯ ಅಂಗಳದಲ್ಲಿ ಬಿಸಿಲಿಗೆ ಹರವಿದ್ದ ಎರಡು ಕೌದಿಗಳನ್ನು ಎಳೆದು ತಂದಳು. ಹಿಂದೆಯೇ ಅವಳಜ್ಜಿ, "ಏ ಹುಡುಗಿ, ನನ್ನ ಕೌದಿ!" ಎಂದು ಕೂಗುತ್ತ ತರಗತಿಯೊಳಕ್ಕೇ ಬಂದುಬಿಟ್ಟಳು.

ಇನ್ನು ಹಿಂಜರಿದು ಫಲವೇನು? ಹಳೆಯ ಸೀರೆಗಳನ್ನು ಪದರಪದರವಾಗಿ ಸೇರಿಸಿ ಹೊಲಿದ ಆ ದಪ್ಪ ಹೊದಿಕೆಗಳನ್ನು ನೆಲದ ಮೇಲೆ ಎದುರುಬದುರಾಗಿ ಹಾಸಿ, ನಡುವಿನ ಕಡಲ ತಳವೆಂದು ನನ್ನ ಕರವಸ್ತ್ರವನ್ನಿಟ್ಟೆ. ಉತ್ತರದ ಕೌದಿಯ ಆಚೆ ತುದಿಯನ್ನು ಅಜ್ಜಿ ಗಟ್ಟಿಯಾಗಿ ಹಿಡಿದು ಕೂತಳು. ದಕ್ಷಿಣದ್ದನ್ನು ನಾನು ನೂಕಿದೆ. ಅಂಚುಗಳು ಕೂಡಿದವು, ಮಡಿಕೆಯ ಹಿಂದೆ ಮಡಿಕೆ ಎದ್ದಿತು, ಮುದುಡಿದ ಕರವಸ್ತ್ರ ಎಲ್ಲಕ್ಕೂ ಮೇಲೇರಿ ಕೂತಿತು. ಹಿಮಾಲಯದ ನೆತ್ತಿಯ ಕಲ್ಲಿನಲ್ಲಿ ಕಡಲಜೀವಿಗಳ ಅಚ್ಚು ಸಿಗುವುದು ಇದಕ್ಕೇ ಎಂದು ವಿವರಿಸುತ್ತಿದ್ದಂತೆ ನನ್ನ ಕೈ ಸೋತಿತು.

"ಸ್ವಲ್ಪ ಸರೀರಿ, ಇನ್ನಷ್ಟು ನೂಕೂಣು."

ತಿರುಗಿ ನೋಡಿದರೆ ಬೇಗಂ ಸಾಹೇಬರು ಕುರ್ಚಿ ಬಿಟ್ಟು ನನ್ನ ಪಕ್ಕದಲ್ಲಿ ಮೊಣಕಾಲೂರಿದ್ದರು! ಅವರು ನೂಕಿದ ಭರಕ್ಕೆ ನಮ್ಮ ಕೌದಿಯ ಅಂಚು ಎದುರಿನದರ ಅಡಿಗೆ ಜಾರಿತು. ಮಡಿಕೆಗಳ ಆಚೆ ಉತ್ತರದ ಕೌದಿ ಅಗಲವಾಗಿ, ಸಮನಾಗಿ, ಜಗಲಿಯಂತೆ ಮೇಲೆದ್ದಿತು. "ಟಿಬೇಟಿನ ಎತ್ತರದ ಬಯಲು" ಎಂದೆ.

"ನಮ್ಮ ನಾರಾಯಣಪ್ಯಾಟಿ ಯಾವುದ್ರಾಗ ಐತವ್ವ?" ಎಂದಳು ಅಜ್ಜಿ.

"ನೂಕೋ ಕೌದ್ಯಾಗ, ಅಜ್ಜಿ" ಎಂದೆ.

"ಅಂದ್ರ ನೂಕಿದವ್ರು ನಾವ!" ಅಜ್ಜಿ ತೊಡೆ ತಟ್ಟಿಕೊಂಡಳು. ಬೇಗಂ ಸಾಹೇಬರು ಆಗ ನಕ್ಕರು ನೋಡಿ, ಕಣ್ಣಲ್ಲಿ ನೀರು ಬರುವಷ್ಟು! ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ ಅಂದರು: "ಪರೀಕ್ಷಾದಾಗ ಪುಸ್ತಕದ್ದ ಬರಸ್ರಿ. ಇದನ್ನೂ ಬಿಡಬ್ಯಾಡ್ರಿ." ಕೆಲದಿನಗಳಲ್ಲೇ ಕೆಲಸ ಕಾಯಂ ಆದ ಕಾಗದ ಬಂತು.

ಅಂದಿನಿಂದ ಮಕ್ತಲದ ದಾರಿಯಲ್ಲಿ ಬಿದ್ದುಕೊಂಡಿರುವ ಬೋಳು ಗುಂಡುಗಲ್ಲುಗಳ ಮೇಲೆ ನನಗೆ ಹೊಸ ಗೌರವ. ಆಕಾಶಕ್ಕೆ ಏಣಿ ಹಾಕುವ ಹಂಬಲ ಅವಕ್ಕಿಲ್ಲ; ಬಲು ಹಳೆಯ, ಬಲು ಗಟ್ಟಿಯಾದ ಈ ನೆಲ ತಾನು ಹೆಚ್ಚು ಬಾಗದೆ ದೂರದ ಶಿಖರಗಳನ್ನು ಎತ್ತಿ ನಿಲ್ಲಿಸಿತು. ಎತ್ತರವನ್ನು ಎಲ್ಲರೂ ಹೊಗಳುತ್ತಾರೆ, ಎತ್ತಿದವರ ಹೆಗಲನ್ನು ಯಾರು ನೋಡುತ್ತಾರೆ?

ಎಷ್ಟೋ ವರ್ಷಗಳ ಮೇಲೆ, ನಿಜಾಮರ ಕಾಲವೂ ಮುಗಿದು ನನ್ನ ತಲೆಯೂ ನರೆತಾಗ, ಆ ಊಹೆಯನ್ನು ಪಂಡಿತರು ಒಪ್ಪಿದರೆಂದು ಪತ್ರಿಕೆಯಲ್ಲಿ ಓದಿ, ಅಂದೇ ಹೋಳಿಗೆ ಮಾಡಿದೆ. ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಇದೇಕೆ ಎಂದು ಪಕ್ಕದ ಮನೆಯ ಶಂಕ್ರಮ್ಮ ಕೇಳಿದಳು.

"ನಮ್ಮ ನೆಲ ಉತ್ತರಕ್ಕ ಹೋಗಿ ಮುಟ್ಟಿದ್ದು ಖರೇ ಅಂತ, ಶಂಕ್ರಮ್ಮ. ಇನ್ನೂ ನೂಕಾಕ ಹತ್ತೈತಂತ."

ಶಂಕ್ರಮ್ಮ ತುಪ್ಪ ಸವರಿದ ತುಂಡನ್ನು ಬಾಯಿಗಿಟ್ಟು, ತುಸು ಯೋಚಿಸಿ, ತಟ್ಟೆಯನ್ನು ಮುಂದೆ ಚಾಚಿದಳು. "ಹಂಗಾರ ಕೆಲಸ ಮುಗಿದಿಲ್ಲ. ಇನ್ನೊಂದು ಹಾಕ್ರಿ."