ಕೆಂಪು ಕೆನ್ನೆಯ ಚೇಕಡಿ

ಎತೆಲ್ಕಾ ಅತ್ತೆಯ ಮಾತನ್ನು ಅನುಮಾನಿಸುವವರು ಮೊದಲು ಅವರ ಅಡುಗೆಮನೆ ಕಿಟಕಿಯ ಮುಂದೆ ಒಂದು ಚಳಿಗಾಲ ಕೂತು ಬರಲಿ. ಕಲೊಚಾ ಊರಿನ ಮೆಣಸಿನಪುಡಿ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು ಅವರು. ಆಮೇಲೆ ಹತ್ತೊಂಬತ್ತು ಚಳಿಗಾಲ ತಮ್ಮ ಹಿತ್ತಿಲಿಗೆ ಬಂದ ಹಕ್ಕಿಗಳನ್ನು ಎಣಿಸಿ ಊರಿನ ಪಕ್ಷಿ ಸಂಘಕ್ಕೆ ಪಟ್ಟಿ ಕೊಟ್ಟಿದ್ದಾರೆ.

ಈ ಡಿಸೆಂಬರಿನಲ್ಲಿ ಡ್ಯಾನ್ಯೂಬ್ ಕಡೆಯಿಂದ ಬಂದ ಮಂಜು ಎರಡು ವಾರ ಕದಲಲಿಲ್ಲ. ಅಂಥದ್ದೊಂದು ಬೆಳಿಗ್ಗೆ ಸೂರ್ಯಕಾಂತಿ ಬೀಜದ ತಟ್ಟೆಗೆ ಚೇಕಡಿ ಹಕ್ಕಿ ಬಂತು. ಕಪ್ಪು ತಲೆ, ಹಳದಿ ಹೊಟ್ಟೆ ಎಲ್ಲ ಸರಿ. ಬೆಳ್ಳಗಿರಬೇಕಾದ ಕೆನ್ನೆ ಮಾತ್ರ ಕೆಂಪು. ಅತ್ತೆ ಪಟ್ಟಿಯಲ್ಲಿ ಬರೆದರು: ‘ಚೇಕಡಿ ಒಂದು. ಕೆನ್ನೆ ಕೆಂಪು. ಯಾಕೋ ಗೊತ್ತಿಲ್ಲ.’

ಸಂಘದ ಕಾರ್ಯದರ್ಶಿ ಬಾಲಿಂಟ್ ಅದನ್ನು ಓದಿ ತಲೆ ಅಲ್ಲಾಡಿಸಿದ. “ಅತ್ತೆ, ಇಂಥ ಹಕ್ಕಿ ಇಲ್ಲ. ಭಾನುವಾರದೊಳಗೆ ಸ್ಪಷ್ಟವಾದ ಫೋಟೋ ತನ್ನಿ. ಇಲ್ದಿದ್ರೆ ಈ ವರ್ಷ ನಿಮ್ಮ ಪಟ್ಟೀನೇ ಬಿಡ್ಬೇಕಾಗುತ್ತೆ.”

“ಇಲ್ಲದ ಹಕ್ಕಿ ನನ್ನ ಬೀಜ ಹೇಗಪ್ಪಾ ತಿಂತು?”

ಅದೇ ವಾರ ಪಕ್ಕದ ಮನೆಯ ಹಲ್ಲಿನ ಡಾಕ್ಟರ್ ವೆಂಡೆಲ್ ತೊಡೆಗಾತ್ರದ ಲೆನ್ಸಿನಲ್ಲಿ ಅದೇ ಹಕ್ಕಿಯನ್ನು ಹಿಡಿದರು. ಸಂಘ ಮರುದಿನವೇ ಆ ಚಿತ್ರವನ್ನು ಫಲಕಕ್ಕೆ ಅಂಟಿಸಿತು: ‘ಅಪರೂಪದ ಬಣ್ಣ’. ಡಾಕ್ಟರನ್ನು ಒಬ್ಬರಾದರೂ ಒಂದು ಪ್ರಶ್ನೆ ಕೇಳಿದರೇ? ಇಲ್ಲ. ನಮ್ಮಲ್ಲಿ ಲೆನ್ಸಿನ ದಪ್ಪವೇ ಸಾಕ್ಷಿ, ಗಿರಣಿಯ ಹೆಂಗಸಿನ ಕಣ್ಣು ಬರೀ ಕಣ್ಣು.

ಅತ್ತೆಗೆ ಸಿಟ್ಟಿಗಿಂತ ಕುತೂಹಲ ಹೆಚ್ಚು. ಫಲಕದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಅಲ್ಲಿಗೆ ಬಂದ ಡಾಕ್ಟರನ್ನೇ ಕೇಳಿದರು.

“ಈ ಮಬ್ಬಲ್ಲಿ ಇಷ್ಟು ನುಣುಪು ಹೇಗೆ ಬಂತು ಡಾಕ್ಟ್ರೇ?”

“ಬೆಳಕು ಕಡಿಮೆ ಇದ್ರೆ ಚಿತ್ರ ಕಾಳು ಕಾಳಾಗಿ ಬರುತ್ತೆ. ಕಂಪ್ಯೂಟರಿಗೆ ಹಾಕಿ ಕಾಳೆಲ್ಲ ತೆಗೆದೆ.”

“ಯಾವ ಕಾಳು ಕ್ಯಾಮೆರಾದ್ದು, ಯಾವುದು ಹಕ್ಕೀದು ಅಂತ ನೋಡಿ ತೆಗೆದ್ರಾ?”

“ಆ ಸೋಪಿನ ಡಬ್ಬಿ ಇಟ್ಕೊಂಡು ನನಗೆ ಪಾಠ ಹೇಳ್ತೀರಲ್ಲ ಅತ್ತೆ.”

ಸೋಪಿನ ಡಬ್ಬಿ ಎಂದರೆ ಅತ್ತೆಯ ಹಳೆಯ ಪುಟ್ಟ ಕ್ಯಾಮೆರಾ. ಮೊದಲು ಮೊಬೈಲಿನಲ್ಲಿ ತೆಗೆದು ನೋಡಿದರು. ಅದು ಇಡೀ ಹಕ್ಕಿಯನ್ನು ಕಿತ್ತಳೆ ಬಣ್ಣ ಮಾಡಿತು. ಆಮೇಲೆ ಕಿಟಕಿ ತೆರೆದು, ಒಣ ಅವರೆಕಾಳಿನ ಚೀಲದ ಮೇಲೆ ಡಬ್ಬಿಯನ್ನು ಕೂರಿಸಿದರು. ಬೆರಳಿನ ನಡುಕ ತಾಗದಂತೆ, ಒತ್ತಿದ ಎರಡು ಸೆಕೆಂಡಿನ ಮೇಲೆ ಕ್ಲಿಕ್ಕಾಗುವ ಹಾಗೆ ಇಟ್ಟರು. ಎರಡು ಬೆಳಿಗ್ಗೆ, ನೂರ ನಲವತ್ತು ಚಿತ್ರ. ಎಲ್ಲದರಲ್ಲೂ ಹಕ್ಕಿ ಹೊಗೆಯ ಹಾಗೆ. ಒಂದರಲ್ಲಿ ಮಾತ್ರ ಬೀಜವನ್ನು ಕಾಲಡಿ ಒತ್ತಿ ಹಿಡಿದು ಅರೆಗಳಿಗೆ ಸುಮ್ಮನೆ ನಿಂತಿತ್ತು.

ಕೆನ್ನೆಯ ಕೆಂಪು ಗರಿಯದ್ದಲ್ಲ, ಪುಡಿ ಪುಡಿಯಾಗಿ ಅಂಟಿತ್ತು. ಕೊಕ್ಕಿನ ಮೇಲೂ ಇತ್ತು. ಡಾಕ್ಟರು ಕಾಳು ತೆಗೆದಾಗ ಈ ಪುಡಿಯೇ ನುಣುಪಾಗಿ ಗರಿಯಂತೆ ಕಂಡಿತ್ತು. ಆ ಕೆಂಪನ್ನು ಅತ್ತೆಗೆ ಯಾರೂ ಪರಿಚಯಿಸಬೇಕಿರಲಿಲ್ಲ. ನೇರ ಬೇಲಿಗೆ ಹೋದರು.

“ಡಾಕ್ಟ್ರೇ, ಹಕ್ಕಿಗೆ ಅಂತ ಏನು ನೇತುಹಾಕಿದ್ದೀರಿ?”

“ಹಂದಿ ಕೊಯ್ದಾಗ ಮಾವನ ಮನೆಯಿಂದ ಬಂದ ಕೊಬ್ಬು. ಒಳ್ಳೇ ತುಂಡು.”

“ಮೆಣಸಿನಪುಡಿ ಸವರಿದ್ದಾ?”

ಡಾಕ್ಟರು ತಿರುಗಿ ಕೊಬ್ಬಿನ ಕಡೆ ನೋಡಿದರು. “ಸವರದೇ ಇರೋ ಕೊಬ್ಬು ಈ ಊರಲ್ಲಿ ಯಾರ ಮನೇಲಿರುತ್ತೆ ಅತ್ತೆ?”

“ಉಪ್ಪೂ ಇದೆ ಅದ್ರಲ್ಲಿ. ಹಕ್ಕಿಗೆ ವಿಷ. ಇಳಿಸಿ.”

ಇಳಿಸಿದರು. ಫಲಕದ ಚಿತ್ರವೂ ಸದ್ದಿಲ್ಲದೆ ಇಳಿಯಿತು. ಬಾಲಿಂಟ್ ಮಾತ್ರ ಅತ್ತೆಯ ಚಿತ್ರ ನೋಡಿ, “ಮಸುಕಾಗಿದೆ. ಡಾಕ್ಟ್ರ ಹತ್ರ ಒಂದು ಸಹಿ ಹಾಕಿಸ್ಕೊಂಡು ಬನ್ನಿ, ಪಟ್ಟಿ ತಗೋತೀನಿ” ಅಂದ. ತಪ್ಪು ಮಾಡಿದವರೇ ಸರಿಯೆಂದು ಬರೆದುಕೊಡಬೇಕಂತೆ. ಇದನ್ನು ಹೇಳುವಾಗ ಅವನ ನಾಲಿಗೆಯೂ ತಡವರಿಸಲಿಲ್ಲ.

“ಪುಡೀನ ಗರಿ ಅಂದೋರ ಸಹಿ ನನಗ್ಯಾಕೆ?” ಅಂದರು ಅತ್ತೆ. “ನಾಳೆ ಏಳೂವರೆಗೆ ನೀನೇ ಬಾ. ಅದರ ಕೆನ್ನೆ ಇನ್ನೂ ಪೂರ್ತಿ ಬಿಳಿಯಾಗಿಲ್ಲ.”

ಭಾನುವಾರ ಬಂದ. ಮುಕ್ಕಾಲು ಗಂಟೆ ಮುಕ್ಕಾಲಿಯ ಮೇಲೆ ಮುದುರಿ ಕೂತ. ಚೇಕಡಿ ಬಂತು; ಕೊಂಬೆಗೆ ಕೊಕ್ಕು ಒರೆಸಿತು. ಒಂದು ಕೆನ್ನೆ ಬಿಳಿ, ಇನ್ನೊಂದು ಇನ್ನೂ ಅರೆಗೆಂಪು. ಬಾಲಿಂಟ್ ತೊಡೆಯ ಮೇಲೆ ಪಟ್ಟಿ ಇಟ್ಟುಕೊಂಡು ತಾನೇ ಸಹಿ ಹಾಕಿದ. ಆದರೆ ಏಳಲಿಲ್ಲ.

“ಅತ್ತೆ, ಬೇಲಿ ಬುಡದಲ್ಲಿ ಕಂದುಬಣ್ಣದ್ದೊಂದಿದೆಯಲ್ಲ, ಯಾವುದದು?”

“ನನಗೂ ಗೊತ್ತಿಲ್ಲ. ಅಲ್ಲಾಡ್ದೆ ಕೂತ್ಕೋ.”