ನಡುವಿನ ಪುಟ ನೋಡದೆ ಕಳಕೊಂಡ ಹಲ್ಲು

ನನಗೆ ಬಿದ್ದ ಖರ್ಚು ಮುಂದಿನ ಎರಡು ಹಲ್ಲು. ಮೇಲಿನ ಸಾಲಿನವು, ಕಬ್ಬು ಸಿಗಿಯುವಷ್ಟು ಗಟ್ಟಿಯಾಗಿದ್ದವು. ಕುಡುಕನ ಕೈಗೆ ಸಿಕ್ಕಿ ಹೋದವು ಎಂದು ಜನ ಹೇಳಿಕೊಂಡರು. ಹೊಡೆದವನು ಅವತ್ತು ಕುಡಿದೇ ಇರಲಿಲ್ಲ. ಹಲ್ಲು ಹೋದದ್ದು ಒಂದು ಪ್ರೇಮ ಕಾದಂಬರಿಯಲ್ಲಿ ಕತೆ ಇರಲಿಲ್ಲ ಎಂಬ ಕಾರಣಕ್ಕೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಕಾದಂಬರಿಗಳನ್ನು ಚೀಲದಲ್ಲಿ ಹೊತ್ತು ಮನೆಮನೆಗೆ ಬಾಡಿಗೆ ಕೊಡುತ್ತಿದ್ದೆ. ಯಾರೂ ಕಲಿಸಿದ ವ್ಯಾಪಾರವಲ್ಲ, ನಾನೇ ಕಂಡುಕೊಂಡದ್ದು. ಕುಮಟಾದಲ್ಲಿ ಟೆಂಪೋ ಹತ್ತಿದರೆ ಹೊನ್ನಾವರ, ಭಟ್ಕಳ, ಜಾಲಿಯವರೆಗೂ ನನ್ನ ಗಿರಾಕಿಗಳಿದ್ದರು. ಟಿವಿ ಬಂದಿತ್ತು, ನಿಜ. ಆದರೆ ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಆಗ ಹೆಂಗಸರು ನನ್ನ ದಾರಿ ಕಾಯುತ್ತಿದ್ದರು. ‘ಪುಸ್ತಕದಕ್ಕ ಬಂತು’ ಎಂದು ಬೇಲಿಯಿಂದ ಬೇಲಿಗೆ ಕೂಗು ಹೋಗುತ್ತಿತ್ತು.

ಸರಕು ಹೊನ್ನಾವರದ ಒಂದು ರದ್ದಿ ಅಂಗಡಿಯದು. ಅವನು ತೂಕದ ಮೇಲೆ ಕೊಡುತ್ತಿದ್ದ. ಪುಸ್ತಕ ತಂಪು ಹಿಡಿದಿದೆ, ನೀರಿನ ತೂಕ ಕಳೆಯಪ್ಪಾ ಎಂದು ನಾನು ಜಗಳ ತೆಗೆಯುತ್ತಿದ್ದೆ. ಆರಿಸುವುದಕ್ಕೆ ನನ್ನದೊಂದು ಕ್ರಮವಿತ್ತು. ಮೊದಲ ಕೆಲವು ಪುಟ ಓದುವುದು, ಕೊನೆಯ ಎರಡು ಪುಟ ಓದುವುದು. ಕತೆಯ ಗಂಟು ಚೆನ್ನಾಗಿ ಬಿದ್ದಿದ್ದು, ಕೊನೆಗೆ ಯಾರಾದರೂ ಅಳುತ್ತಿದ್ದರೆ ಚೀಲಕ್ಕೆ ಹಾಕುವುದು. ಮನೆಗೆ ತಂದು ಎಲ್ಲಕ್ಕೂ ಒಂದೇ ತರದ ಖಾಕಿ ರಟ್ಟು ಹಾಕುತ್ತಿದ್ದೆ, ಬಾಳಿಕೆ ಬರಲೆಂದು. ಹೊರಗಿನಿಂದ ನೋಡಿದರೆ ಯಾವುದು ಯಾವುದೆಂದು ನನಗೂ ಗೊತ್ತಾಗುತ್ತಿರಲಿಲ್ಲ.

ಕುಮಟಾ ಪಕ್ಕದ ಬಾಡ ಎಂಬ ಊರಲ್ಲಿ ಒಂದು ಮೀನುಗಾರರ ಮನೆ. ಯಜಮಾನಿಕೆ ಅತ್ತೆಯದು, ಕುಮಟಾ ಪೇಟೆಯಲ್ಲಿ ಮೀನು ಮಾರಿ ಪಳಗಿದ ಹೆಂಗಸು, ನನಗಿಂತ ಒಂದು ಕೈ ಮೇಲೆ ಚೌಕಾಸಿಯಲ್ಲಿ. ಓದು ಬಾರದು. ಸೊಸೆ ಜಾಲಿಯ ಕಡೆಯ ಹುಡುಗಿ, ಹತ್ತನೇ ತರಗತಿ ಪಾಸು. ಮಳೆಗಾಲದಲ್ಲಿ ದೋಣಿ ದಡಕ್ಕೆ ಎಳೆದ ಮೇಲೆ ಅಕ್ಕಪಕ್ಕದ ಹೆಂಗಸರೆಲ್ಲ ಆ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು, ಸೊಸೆ ಗಟ್ಟಿಯಾಗಿ ಓದುತ್ತಿದ್ದಳು. ಅಲ್ಲಿಯ ಪದ್ಧತಿ ಏನೆಂದರೆ, ಓದು ಶುರುವಾಗುವ ಮೊದಲು ನಿನ್ನೆಯ ಕತೆಯನ್ನು ಒಬ್ಬಳು ಬಾಯಲ್ಲಿ ಹೇಳಬೇಕು. ಎಲ್ಲರೂ ಹೂಂ ಅಂದ ಮೇಲೆಯೇ ಮುಂದಿನ ಪುಟ.

ಆ ಸಲ ನಾನು ಕೊಟ್ಟ ಕಾದಂಬರಿಯ ಗಂಟು ಭಾರೀ ಇತ್ತು. ಮದುವೆಯಾದ ವಾರದಲ್ಲೇ ಹೆಣ್ಣಿನ ಅಣ್ಣನನ್ನು ಯಾರೋ ಕೊಂದು ಬಾವಿಗೆ ಹಾಕಿದ್ದಾರೆ. ಕೊಂದವನು ತನ್ನ ಗಂಡನೇ ಇರಬಹುದೇ ಎಂದು ಅವಳಿಗೆ ಅನುಮಾನ. ಕೊನೆಯ ಪುಟದಲ್ಲಿ ಅವಳು ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ಅಳುತ್ತಾಳೆ. ಇನ್ನೇನು ಬೇಕು?

ಮೊದಲ ದಿನ ಜಗಲಿಯಲ್ಲಿ ಬಲೆ ಹೆಣೆಯುವ ಕೈಗಳೇ ನಿಂತುಹೋದವಂತೆ. ಎರಡನೇ ದಿನದಿಂದ ಓದು ಮೊಟಕಾಯಿತು. ಸೊಸೆ ಪುಟ ಮಗುಚುತ್ತಾಳೆ, ಕಣ್ಣಾಡಿಸುತ್ತಾಳೆ, ಮತ್ತೆ ಮಗುಚುತ್ತಾಳೆ, ನಾಲ್ಕು ಸಾಲು ಓದಿ ‘ಇವತ್ತಿಗೆ ಆತು’ ಎನ್ನುತ್ತಾಳೆ. ಮರುದಿನ ಅತ್ತೆ ಕೇಳಿದಳಂತೆ, “ನಿನ್ನೆ ಎಂತ ಆತು, ಹೇಳೇ.”

“ಎಂತ ಆಗ್ಲಿಲ್ಲ ಅತ್ತೆ. ಅವ್ಳೂ ಗಂಡನೂ ಇನ್ನೂ ಆ ಕೋಣೇಲೇ ಇದ್ರು.”

“ಎಂತಾ ಕೋಣೆ ಅದು, ಊಟಕ್ಕೂ ಹೊರಗೆ ಬತ್ತಿಲ್ಲ?”

ಹೆಂಗಸರು ನಕ್ಕರು. ಅತ್ತೆ ನಗಲಿಲ್ಲ. ತಕ್ಕಡಿಯಲ್ಲಿ ಮೋಸ ಹಿಡಿಯುವ ಕಣ್ಣು ಅವಳದು. ಸೊಸೆ ಕತೆಯನ್ನು ತಾನೊಬ್ಬಳೇ ನುಂಗುತ್ತಿದ್ದಾಳೆ ಎಂದುಕೊಂಡು, ಪುಸ್ತಕ ಕಸಿದು ಮಗನ ಕೈಗೆ ಕೊಟ್ಟಳು. “ಇವ್ಳು ಹಾರಿಸಿದ್ದ ನೀ ಓದು.”

ಪುಸ್ತಕ ಬದಲಿಸಲು ನಾನು ಅಂಗಳಕ್ಕೆ ಕಾಲಿಟ್ಟದ್ದು ಸರಿಯಾಗಿ ಆ ಹೊತ್ತಿಗೆ. ಮಗ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಿದ್ದ. ನಾಲ್ಕನೇ ಸಾಲಿಗೆ ಅವನ ಕಿವಿ ಕೆಂಪಾದವು, ಐದನೆಯದಕ್ಕೆ ದನಿ ನಿಂತಿತು. ಎದ್ದು ಹೆಂಡತಿಯ ಜುಟ್ಟು ಹಿಡಿದ.

“ಇದ್ನ ಓದ್ತಿದ್ಯಾ ನೀನು?”

“ಓದ್ಲಿಲ್ಲ. ಬಿಟ್ಟೆ.”

“ಬಿಟ್ಟೆ ಅಂದ್ರೆ ಮೊದ್ಲು ಓದಿದ್ದೆ ಅಂತಾತು!”

ಅವಳ ತಲೆಯನ್ನು ಕಂಬಕ್ಕೆ ಬಡಿದ. ಆ ಸದ್ದು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ. ಹಣೆ ಒಡೆದು ರಕ್ತ ಬಲೆಯ ಮೇಲೆ ಸುರಿಯಿತು. ಸಾಲದೆಂದು ಜಗಲಿಗೆ ಒರಗಿಸಿಟ್ಟಿದ್ದ ದೋಣಿಯ ಹುಟ್ಟು ಎತ್ತಿದ. ಮೊದಲ ಏಟು ಅವಳ ಭುಜಕ್ಕೆ, ಎರಡನೆಯದು ಅಡ್ಡ ಹಿಡಿದ ಕೈಗೆ, ಕೈ ಜೋತುಬಿತ್ತು. ಹೆಂಗಸರು ಕಿರುಚಿಕೊಂಡು ಅಂಗಳಕ್ಕೆ ಹಾರಿದರು. ನಾನು ಹುಟ್ಟಿನ ಇನ್ನೊಂದು ತುದಿಗೆ ಜೋತುಬಿದ್ದೆ. ಅವನು ಎಳೆದ, ನಾನು ಬಿಡಲಿಲ್ಲ, ತಿರುಗಿಸಿ ನೂಕಿದ. ಬಾಯಿತುಂಬ ಉಪ್ಪು. ಉಗುಳಿದರೆ ಅಂಗೈಯಲ್ಲಿ ನನ್ನದೇ ಹಲ್ಲು.

ಆಗ ಅತ್ತೆ ಎದ್ದಳು. ಅವನ ಕೈಯಿಂದ ಹುಟ್ಟು ಕಿತ್ತುಕೊಂಡು ಮೊಣಕಾಲಿಗೆ ಬಾರಿಸಿದಳು. ಅವನು ಕುಸಿದ ಮೇಲೂ ಬೆನ್ನಿಗೆ ಬಾರಿಸಿದಳು. “ದೋಣಿ ನಂದು, ಹುಟ್ಟೂ ನಂದೆ. ನಿಂಗೆ ಯಾರೋ ಕೊಟ್ಟರು?”

“ನಾಳೆ ಇವ್ಳನ್ನ ಜಾಲಿಗೆ ಬಿಟ್ಟು ಬತ್ತೆ ಅವ್ವೀ,” ಅವನು ನೆಲದಿಂದಲೇ ಕೂಗಿದ. “ಮನೇಲಿ ಪುಸ್ತಕ ಕಂಡ್ರೆ ಒಲೆಗೆ ಹಾಕ್ತೆ.”

ಹುಡುಗಿ ಕಂಬದ ಬುಡದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು. ಅವಳಿಗಿದ್ದ ನೆಲೆ ಆ ಮನೆ, ಅದರಲ್ಲಿದ್ದ ಸುಖ ಆ ಓದು. ಎರಡೂ ಒಂದೇ ಏಟಿಗೆ ಹೋಗುವುದರಲ್ಲಿದ್ದವು. ಅತ್ತೆ ಹುಟ್ಟು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು.

“ಎಂತಾ ಸಾಮಾನು ತಂದ್ಯೆ ನೀನು? ಕೊಳೆತ ಮೀನು ಕೊಟ್ರೆ ನಾ ಬದ್ಲಿ ಕೊಡ್ತೆ. ಕತೆ ಎಲ್ಲಿ ಅದೆ ಇದ್ರಲ್ಲಿ?”

ಬಾಯಿಗೆ ಸೆರಗು ಒತ್ತಿಕೊಂಡೇ ನಾನು ವ್ಯಾಪಾರಕ್ಕೆ ಇಳಿದೆ. ಈ ಮಳೆಗಾಲ ಮುಗಿಯುವವರೆಗೆ ಒಳ್ಳೆಯ ಕತೆ ಪುಕ್ಕಟೆ ತಂದುಕೊಡುತ್ತೇನೆ. ಆದರೆ ಓದುವವಳು ಇವಳೇ, ಬೇರೆ ಯಾರೂ ಅಲ್ಲ. ಇವಳು ಜಾಲಿಗೆ ಹೋದರೆ ನನ್ನ ಚೀಲವೂ ಜಾಲಿಗೆ. ಇನ್ನೊಂದು ಸಲ ಇವಳ ಮೈಮೇಲೆ ಕೈ ಬಿದ್ದರೂ ಅಷ್ಟೇ.

ಅತ್ತೆ ಹೆಂಗಸರ ಮುಖ ನೋಡಿದಳು, ಮಗನ ಮುಖ ನೋಡಿದಳು. “ಇವ್ಳು ಎಲ್ಲೂ ಹೋಗೂದಿಲ್ಲ. ಆತು. ಆದ್ರೆ ಇದ್ರ ಕತೆ? ಆ ಅಣ್ಣನ್ನ ಕೊಂದವ ಯಾರು?”

ನನಗೆ ಗೊತ್ತಿರಲಿಲ್ಲ. ಆಮೇಲೆ ಹಾಸಿಗೆ ಹಿಡಿದಾಗ ಅಷ್ಟೂ ಪುಟ ಓದಿದೆ. ಅದನ್ನು ಬರೆದವನಿಗೂ ಗೊತ್ತಿರಲಿಲ್ಲ. ಹೆಣವನ್ನು ಬಾವಿಯಲ್ಲೇ ಮರೆತು ಮಂಚ ಹತ್ತಿದವನು ಕೊನೆಗೆ ನೇರ ರೈಲ್ವೆ ಸ್ಟೇಷನ್ನಿಗೆ ಹೋಗಿ ಇಳಿದಿದ್ದ.

“ನಾ ಹೇಳ್ತೆ,” ಹುಡುಗಿ ಎಂದಳು. ಹಣೆಯಿಂದ ಇನ್ನೂ ರಕ್ತ ಇಳಿಯುತ್ತಿತ್ತು. “ಕೊಂದವ ಗಂಡನೇ. ಹೆಂಡ್ತಿಗೆ ಗೊತ್ತಾತು. ಅವ ನಿದ್ದೆ ಮಾಡಿದ್ದಾಗ ಅವ್ಳು ಹುಟ್ಟು ತಗಂಡ್ಲು. ಒಂದೇ ಏಟು. ಅದೇ ಬಾವಿಗೆ ಹಾಕಿದ್ಲು. ಆಮೇಲೆ ರೈಲಿಗೆ ಹೋದ್ಲು.”

ಬಲೆಯ ಆಚೆ ಕೂತ ಅವಳ ಗಂಡ ಮೊಣಕಾಲು ಹಿಡಿದುಕೊಂಡು ಕೇಳುತ್ತಿದ್ದ. ಹೆಂಗಸರು ಅತ್ತೆಯ ಮುಖ ನೋಡಿದರು. ಕೊನೆಗೆ ಅತ್ತೆ ಹೂಂ ಅಂದಳು. ಅವಳು ಹೂಂ ಅಂದ ಮೇಲೆ ಉಳಿದವರೂ ಹೂಂ ಅಂದರು.

ಬಾಯಿ ವಾಸಿಯಾದ ಮೇಲೆ ಹೊನ್ನಾವರಕ್ಕೆ ಹೋಗಿ ಆ ಕಾದಂಬರಿಯನ್ನು ರದ್ದಿಯವನ ಮುಖಕ್ಕೇ ಬೀಸಿದೆ. ಕನ್ನಡಕ ಒಡೆಯಿತು. ಬದಲಿಗೆ ಒಂದು ಕಟ್ಟು ಎತ್ತಿಕೊಂಡು ಬಂದೆ, ಅವನು ತೂಗಲಿಲ್ಲ.

ಈಗ ನಿಮಗೆ ಹೇಳುತ್ತೇನೆ, ಪ್ರೇಮ ಕಾದಂಬರಿ ಕೊಳ್ಳುವಾಗ ತಲೆ ಬಾಲ ನೋಡಿ ಮರುಳಾಗಬೇಡಿ, ನಡು ಬಿಚ್ಚಿ. ಮಂಚ ಬೇಡ ಎನ್ನುವವಳಲ್ಲ ನಾನು. ಕೋಣೆಯ ಬಾಗಿಲು ಹಾಕಿಕೊಂಡವರು ಹೊರಗೆ ಬರುವಾಗ ಏನಾದರೂ ಬದಲಾಗಿರಬೇಕು. ಒಂದು ಗುಟ್ಟು ಹೊರಬಿದ್ದಿರಬೇಕು, ಒಂದು ಜಗಳ ಹುಟ್ಟಿರಬೇಕು. ಹೋದವರು ಹೋದ ಹಾಗೇ ಬಂದು ಮತ್ತೆ ಒಳಗೆ ಹೋದರೆ ಪುಸ್ತಕ ವಾಪಸು ಇಡಿ, ಎಷ್ಟು ಅಗ್ಗವಾದರೂ ಸರಿ. ಓದುವ ಹೆಣ್ಣು ಪುಟ ಹಾರಿಸಿದರೆ ಯಾಕೆಂದು ಅವಳನ್ನೇ ಕೇಳಿ, ಪುಸ್ತಕ ಕಿತ್ತು ಇನ್ನೊಬ್ಬರ ಕೈಗೆ ಕೊಡಬೇಡಿ. ಮತ್ತೆ, ಹುಟ್ಟನ್ನು ಜಗಲಿಗೆ ತರಬೇಡಿ. ದೋಣಿಯಲ್ಲೇ ಇರಲಿ.